ನಿವೃತ್ತಿಯ ನಂತರ ಹಾಸನ, ಚಿಕ್ಕಮಗಳೂರು ಕಡೆ ನೆಲೆಸುವುದಾದರೆ: ಊರು, ಮನೆ ಆರಿಸುವ ಕ್ರಮ

ಬೆಂಗಳೂರಿನ ದೊಡ್ಡ ಮನೆ ಮಾರಿ ಹಾಸನ, ಚಿಕ್ಕಮಗಳೂರು ಕಡೆ ಚಿಕ್ಕದೊಂದು ಮನೆ ಮಾಡಿಕೊಂಡು ಇರೋಣ ಅನ್ನುವವರು ಜಾಗ ನೋಡಲು ಬರುವುದು ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಆಗ ಕಾಫಿ ಹಣ್ಣಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಸ್ಟಿಯರಿಂಗ್ ಹಿಡಿದವರಿಗೂ ಇನ್ನೂ ಅರವತ್ತರ ಆಸುಪಾಸು. ಆದರೆ ಆಯ್ಕೆ ಮಾಡಬೇಕಾದದ್ದು ಜುಲೈ ತಿಂಗಳ ರಾತ್ರಿಯನ್ನು ನೆನೆದು, 78ನೇ ವಯಸ್ಸನ್ನು ನೆನೆದು, ಕಾರು ಓಡಿಸುವುದು ಬಿಟ್ಟ ಮೇಲಿನ ದಿನಗಳನ್ನು ನೆನೆದು. ಕೆಳಗಿನ ಸಲಹೆಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಮೊದಲು ಮಳೆ, ಆಮೇಲೆ ಊರು

ಎರಡೂ ಜಿಲ್ಲೆಗಳನ್ನು ಸೇರಿಸಿ ಮಲೆನಾಡು ಅಂದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಅರಸೀಕೆರೆ, ಕಡೂರು ಕಡೆ ವರ್ಷಕ್ಕೆ 600-700 ಮಿ.ಮೀ. ಆಸುಪಾಸು ಮಳೆ. ಸಕಲೇಶಪುರ, ಮೂಡಿಗೆರೆಯಲ್ಲಿ 2,000 ಮಿ.ಮೀ. ದಾಟುತ್ತದೆ. ಶೃಂಗೇರಿ ಸೀಮೆಯಲ್ಲಿ 3,000 ಮಿ.ಮೀ. ಕೂಡ ಮೀರುತ್ತದೆ. ಕಡೂರಿನಲ್ಲಿ ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮೂಡಿಗೆರೆ ಸೇರಬಹುದು. ಅಷ್ಟರಲ್ಲಿ ಮಳೆ ಮೂರು ಪಟ್ಟಾಗಿರುತ್ತದೆ.

ಉಬ್ಬಸ ಇರುವವರು, ಕೀಲುನೋವಿನವರು, ಒಮ್ಮೆ ಬಿದ್ದು ಮೂಳೆ ಮುರಿದುಕೊಂಡವರು ಪಶ್ಚಿಮದ ತಾಲ್ಲೂಕುಗಳನ್ನು ಬಿಡುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹಾಸಿಗೆ, ಬಟ್ಟೆ, ಗೋಡೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ಬೂಷ್ಟಿನ ಪುಡಿ ಉಬ್ಬಸವನ್ನು ಕೆರಳಿಸುತ್ತದೆ, ಅಂಗಳದ ಪಾಚಿ ಜಾರಿಸುತ್ತದೆ. ಇಂಥವರಿಗೆ ಹಾಸನ, ಚಿಕ್ಕಮಗಳೂರು ಪೇಟೆಗಳು ಮತ್ತು ಬೇಲೂರಿನಂಥ ಅರೆಮಲೆನಾಡು ನಡುವಿನ ದಾರಿ. ತಂಪು ಇದೆ, ತೇವ ಮಿತಿಮೀರುವುದಿಲ್ಲ.

ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಕಡೆ ನೆಲ ಒಣ, ನಿವೇಶನದ ಬೆಲೆ ಕಡಿಮೆ, ಬೆಂಗಳೂರಿಗೂ ಹತ್ತಿರ. ಅಲ್ಲಿ ನೋಡಬೇಕಾದದ್ದು ನೀರು. ಬೋರ್‌ವೆಲ್ ನೀರನ್ನೇ ನಂಬಿದ ಬಡಾವಣೆಯಾದರೆ ಮುಂಗಡ ಕೊಡುವ ಮೊದಲೇ ಒಂದು ಲೀಟರ್ ನೀರನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಇಷ್ಟು: ಲೀಟರಿಗೆ ಕರಗಿದ ಲವಣ 500 ಮಿ.ಗ್ರಾಂ., ಗಡಸುತನ 200 ಮಿ.ಗ್ರಾಂ., ಫ್ಲೋರೈಡ್ 1 ಮಿ.ಗ್ರಾಂ. ಫ್ಲೋರೈಡ್ 1.5 ದಾಟಿದ್ದರೆ ಆ ನೀರು ಕುಡಿಯಲು ಬೇಡವೇ ಬೇಡ. ಹಾಸನ ನಗರಕ್ಕೆ ಗೊರೂರಿನ ಹೇಮಾವತಿ ನೀರು, ಚಿಕ್ಕಮಗಳೂರಿಗೆ ಯಗಚಿ ನೀರು ಬರುತ್ತದೆ. ಆದರೂ ಹೊರವಲಯದ ಹೊಸ ಬಡಾವಣೆಗೆ ಪೈಪು ತಲುಪಿದೆಯೇ, ನಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ಮಾರುವವರನ್ನು ಬಿಟ್ಟು ಎದುರುಮನೆಯವರನ್ನು ಕೇಳಿ. ಇಬ್ಬರೇ ಇರುವ ಮನೆಗೆ ದಿನಕ್ಕೆ ಸುಮಾರು 270 ಲೀಟರ್ ಬೇಕು. ವಾರಕ್ಕೊಮ್ಮೆ ನೀರು ಬಿಡುವ ಬೀದಿಯಾದರೆ ಅದಕ್ಕೇ 1,900 ಲೀಟರ್ ಆಯಿತು. ಮಕ್ಕಳು ಮೊಮ್ಮಕ್ಕಳು ಬಂದಾಗಿನ ಖರ್ಚು ಸೇರಿಸಿದರೆ 5,000 ಲೀಟರ್ ಸಂಪು ಇಲ್ಲದೆ ಆಗುವುದಿಲ್ಲ.

ಆಸ್ಪತ್ರೆಯ ದಾರಿಯನ್ನು ನಿಮಿಷದಲ್ಲಿ ಅಳೆಯಿರಿ

ಆಸ್ಪತ್ರೆ ಎಷ್ಟು ಕಿಲೋಮೀಟರ್ ಅನ್ನುವುದು ಉಪಯೋಗಕ್ಕೆ ಬಾರದ ಪ್ರಶ್ನೆ. ಎರಡು ಕಾಯಿಲೆಗಳನ್ನು ಮುಂದಿಟ್ಟುಕೊಂಡು ಗಡಿಯಾರ ಹಿಡಿಯಿರಿ. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಿರಬೇಕು. ಹೃದಯಾಘಾತದಲ್ಲಿ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದು ಉತ್ತಮ, ಆಗದಿದ್ದರೆ ಹತ್ತಿರದಲ್ಲೇ ಗಡ್ಡೆ ಕರಗಿಸುವ ಇಂಜೆಕ್ಷನ್ ತಗೊಂಡು ಮುಂದೆ ಹೋಗಬೇಕು. ಹೃದಯಾಘಾತದ ಈ ಇಂಜೆಕ್ಷನ್ನನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವುದಕ್ಕೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ನೀವು ನೋಡುತ್ತಿರುವ ಊರಿನ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಮೂರು ಮಾತು ಕೇಳಿ: ಈ ಇಂಜೆಕ್ಷನ್ ರಾತ್ರಿ ಹೊತ್ತೂ ಸಿಗುತ್ತದೆಯೇ? ಸಿ.ಟಿ. ಸ್ಕ್ಯಾನ್ ಇಲ್ಲೇ ಇದೆಯೇ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕೇ? ಡಯಾಲಿಸಿಸ್‌ಗೆ ಸರದಿ ಎಷ್ಟಿದೆ? ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರಿಗೆ 40 ಕಿ.ಮೀ. ಅಂದರೆ ವಾರಕ್ಕೆ 240 ಕಿ.ಮೀ. ಓಡಾಟ.

ಮನೆಯಿಂದ ಆಸ್ಪತ್ರೆಗೆ ಒಂದು ಸಲ ಮಳೆಗಾಲದ ರಾತ್ರಿ ಎಂಟರ ಮೇಲೆ ನಿಜವಾಗಿ ಹೋಗಿ ನೋಡಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ., ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿ.ಮೀ. ಅಷ್ಟೇನೂ ದೂರವಲ್ಲ ಅನಿಸುತ್ತದೆ. ಆದರೆ ಹೊತ್ತು ಹೋಗುವುದು ಮನೆಯಿಂದ ಮುಖ್ಯರಸ್ತೆ ಸೇರುವ ಮಣ್ಣುದಾರಿಯಲ್ಲಿ. ಅಲ್ಲಿ ಅಡ್ಡ ಬಿದ್ದ ಒಂದು ಮರ ಇಡೀ ಲೆಕ್ಕ ಕೆಡಿಸುತ್ತದೆ. 108 ಆಂಬುಲೆನ್ಸ್ ನಿಮ್ಮ ಗೇಟಿನವರೆಗೆ ಬರುವಷ್ಟು ದಾರಿ ಅಗಲವಿದೆಯೇ, ತಿರುವಿನಲ್ಲಿ ತಿರುಗುತ್ತದೆಯೇ ಎನ್ನುವುದನ್ನೂ ನೋಡಿಕೊಳ್ಳಿ.

ಘಟ್ಟ ಇಳಿದು ಸೇರಬೇಕಾದ ಆಸ್ಪತ್ರೆಯನ್ನು ತುರ್ತಿನ ಲೆಕ್ಕಕ್ಕೆ ಹಿಡಿಯಲೇಬೇಡಿ. ಸಕಲೇಶಪುರದ ದೋಣಿಗಾಲ್ ಬಳಿ ಹೆದ್ದಾರಿ ಕುಸಿದು ಶಿರಾಡಿ ದಾರಿ ಬಂದ್ ಆಗುವುದು, ಚಾರ್ಮಾಡಿಯಲ್ಲಿ ಗುಡ್ಡ ಜರಿಯುವುದು ಮಳೆಗಾಲದ ಮಾಮೂಲು ಸುದ್ದಿ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳು ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗುವ ಚಿಕಿತ್ಸೆಗೆ ಸರಿ.

ಇಷ್ಟನ್ನು ತೂಗಿ ನೋಡಿದರೆ ಹೃದಯ, ಮೂತ್ರಪಿಂಡ, ಸಕ್ಕರೆ ಕಾಯಿಲೆಯ ತೊಂದರೆ ಈಗಾಗಲೇ ಇರುವವರಿಗೆ ಹಾಸನ ನಗರವೇ ಮೇಲು. ಅಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರು ಸುಮಾರು 185 ಕಿ.ಮೀ., ರಸ್ತೆ ನೇರ. ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಮಾರ್ಗ 2017ರಲ್ಲಿ ಶುರುವಾಗಿದೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಸುಮಾರು 120 ಕಿ.ಮೀ. ಚಿಕ್ಕಮಗಳೂರು ಇನ್ನೂ ತಂಪು, ಊರು ಅಡಕವಾಗಿದೆ, ಪೇಟೆ, ಬ್ಯಾಂಕು, ಜಿಲ್ಲಾಸ್ಪತ್ರೆ ಎಲ್ಲ ಹತ್ತಿರ ಹತ್ತಿರ. ಆದರೆ ಬೆಂಗಳೂರು ಸುಮಾರು 245 ಕಿ.ಮೀ.; ರೈಲಿಗೆ ಹೆಚ್ಚಿನ ಸಲ ಕಡೂರಿಗೇ ಹೋಗಬೇಕು. ಗಟ್ಟಿಮುಟ್ಟಾಗಿರುವವರಿಗೆ ಅದು ಒಳ್ಳೆಯ ಊರು. ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರಗಳನ್ನು ಹತ್ತಿರದ ನೆಂಟರು ಅಲ್ಲೇ ಇದ್ದರೆ ಮಾತ್ರ ಆರಿಸಿ. ಆಗಲೂ ಪೇಟೆಯೊಳಗೆ, ಆಸ್ಪತ್ರೆಗೆ ಎರಡು ಕಿಲೋಮೀಟರ್ ಒಳಗಿರುವ ಮನೆಯೇ ಆಗಲಿ.

ಕಾರಿಲ್ಲದೆ ಒಂದು ವಾರ

ನೋಡಿದ ಜಾಗ ಮನಸ್ಸಿಗೆ ಹಿಡಿಸಿತೇ? ಅದೇ ಬೀದಿಯ ಹತ್ತಿರ ಒಂದು ವಾರ ಉಳಿದುಕೊಂಡು ಕಾರಿನ ಕೀಯನ್ನು ಮುಟ್ಟದೆ ಬದುಕಿ. ಹಾಲು, ತರಕಾರಿ, ಔಷಧಿ, ಬ್ಯಾಂಕು, ಕ್ಷೌರದಂಗಡಿ, ದೇವಸ್ಥಾನ ಎಲ್ಲಕ್ಕೂ ನಡೆದೋ ಆಟೋದಲ್ಲೋ ಹೋಗಿಬನ್ನಿ. ನಡೆದು ಹೋಗುವಾಗ ಹತ್ತು ನಿಮಿಷ ಹಿಡಿದರೆ ಎಪ್ಪತ್ತೈದರಲ್ಲಿ ಇಪ್ಪತ್ತು ಹಿಡಿಯುತ್ತದೆ ಎಂದುಕೊಳ್ಳಿ. ಏರು ರಸ್ತೆಯ ಮೇಲ್ತುದಿಯ ಮನೆಗಳು ನೋಟಕ್ಕೆ ಚೆನ್ನ. ಆದರೆ ಚೀಲ ಹೊತ್ತು ಏರಬೇಕಾದದ್ದು ಮನೆಗೆ ವಾಪಸ್ಸಾಗುವಾಗ.

ಬಸ್ಸಿನ ವಿಷಯ ಬಯಲುಸೀಮೆ, ಮಲೆನಾಡು ಎರಡೂ ಕಡೆ ಒಂದೇ ಅಲ್ಲ. ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, 60 ದಾಟಿದವರಿಗೆ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಶೇಕಡ 25 ರಿಯಾಯಿತಿ ಇದೆ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವ ಬಸ್ಸುಗಳಲ್ಲಿ ಖಾಸಗಿಯವೇ ಬಹಳ. ಅಲ್ಲಿ ಈ ಅನುಕೂಲ ನಡೆಯುವುದಿಲ್ಲ. ಕಡೆಯ ಬಸ್ಸು ಎಷ್ಟು ಗಂಟೆಗೆ, ಭಾನುವಾರ ಅದು ಬರುತ್ತದೆಯೇ ಎಂದು ಸ್ಟ್ಯಾಂಡಿನಲ್ಲೇ ವಿಚಾರಿಸಿ.

ವಾರಾಂತ್ಯದ ಗದ್ದಲವನ್ನೂ ಕಣ್ಣಾರೆ ನೋಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವ ದಾರಿಯ ಮನೆಗಳಿಗೆ ಶನಿವಾರ, ಭಾನುವಾರ ಗೇಟಿನಿಂದ ಹೊರಗೆ ಬರುವುದೇ ಕಷ್ಟ. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ರಾತ್ರಿಯ ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಹಳೇ ಊರಿನ ಬೀದಿಗಳು ತುಂಬಿಹೋಗುತ್ತವೆ. ಅದು ವರ್ಷಕ್ಕೊಮ್ಮೆಯಾದ್ದರಿಂದ ಸಹಿಸಬಹುದು.

ತೋಟದ ನಡುವಿನ ಮನೆ

ಒಂದೆಕರೆ ಕಾಫಿ, ನಡುವೆ ಹೆಂಚಿನ ಮನೆ ಎನ್ನುವ ಆಸೆ ಬಹಳ ಜನರಿಗೆ ಇದೆ. ಅದರ ಕಷ್ಟ ಗೊತ್ತಿದ್ದು ಹೋಗಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಸೀಮೆಯ ತೋಟಗಳಲ್ಲಿ ಕಾಡಾನೆ ಓಡಾಟ ಇದೆ. ಬೆಳಗಿನ ಜಾವ, ಮುಸ್ಸಂಜೆ ಹೊರಗೆ ಹೋಗುವಂತಿಲ್ಲ, ಅಂದರೆ ವಯಸ್ಸಾದವರು ವಾಕಿಂಗ್ ಹೋಗುವ ಹೊತ್ತಿಗೆ ಸರಿಯಾಗಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಉಣುಗಿನ ಭಯ ಇರುತ್ತದೆ. ಮನೆಗೆಲಸಕ್ಕೆ ಬರುವವರು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೇ ಹೋಗುತ್ತಾರೆ. ಅಡುಗೆಗೆ, ರೋಗಿಯ ಆರೈಕೆಗೆ ಆಳು ಬೇಕಾದವರು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯಾರು ಸಿಗುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಡಿದಾದ ಗುಡ್ಡವನ್ನು ಸೀಳಿ ಮಾಡಿದ ಜಾಗದಲ್ಲಿ ಮನೆ ಇದ್ದರೆ ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದದ್ದು ಆ ಕಡೆಯವರು ಯಾರೂ ಮರೆತಿಲ್ಲ.

ತೋಟದ ಮನೆಯಲ್ಲಿ ಇರಲೇಬೇಕು ಅನ್ನಿಸಿದರೆ ಅದನ್ನು ಬಾಡಿಗೆಗೆ ಹಿಡಿಯಿರಿ, ಸ್ವಂತದ್ದನ್ನು ಪೇಟೆಯಲ್ಲಿ ಕೊಳ್ಳಿ. ಆಗ ಕೈಲಾಗದ ದಿನ ಬಂದರೆ ಹೋಗಲು ಒಂದು ಸೂರು ಇರುತ್ತದೆ.

ಬಾಡಿಗೆ, ಖರೀದಿ, ಮಾರಾಟ: ಈ ಕ್ರಮದಲ್ಲೇ

ಹಳೇ ಮನೆ ಮಾರುವುದು ಕೊನೆಯ ಕೆಲಸ. ಮೊದಲು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಬನ್ನಿ. ಮೇ ತಿಂಗಳಲ್ಲೇ ಬಂದು ಸೇರಿದರೆ ಪೂರ್ತಿ ಮಳೆಗಾಲ, ಚಳಿ, ಮುಂದಿನ ಬೇಸಿಗೆ ಮೂರೂ ಸಿಗುತ್ತವೆ. ಭೋಗ್ಯಕ್ಕೆ ಸಿಗುವ ಮನೆಗಳೂ ಉಂಟು. ಪರೀಕ್ಷೆಗೆಂದು ಬರುವವರು ಅದಕ್ಕೆ ಹೋಗಬೇಡಿ. ಹತ್ತಾರು ಲಕ್ಷ ಮಾಲೀಕರ ಕೈಲಿ ಸಿಕ್ಕಿಕೊಂಡರೆ ಊರು ಹಿಡಿಸದಿದ್ದರೂ ಏಳಲಾಗುವುದಿಲ್ಲ.

ಬಾಡಿಗೆಯೇ ಮೊದಲು ಅನ್ನುವುದಕ್ಕೆ ತೆರಿಗೆಯ ಕಾರಣವೂ ಇದೆ. ಹಳೇ ಮನೆ ಮಾರಿದ ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ತೆರಿಗೆ ವಿನಾಯಿತಿ ಸಿಗುತ್ತದೆ. ಎಲ್ಲರ ಬಾಯಲ್ಲಿ 54ನೇ ಸೆಕ್ಷನ್ ಎಂದೇ ಇರುವ ನಿಯಮ ಇದು. ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಂಡಿರಬೇಕು; ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಮುಗಿದಿರಬೇಕು. ಬರೀ ನಿವೇಶನ ಕೊಂಡು ಬಿಟ್ಟರೆ ವಿನಾಯಿತಿ ಇಲ್ಲ. ಮುಖ್ಯವಾಗಿ, ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಸಿಕ್ಕ ವಿನಾಯಿತಿಯ ಲಾಭ ಕೈತಪ್ಪುತ್ತದೆ. ತಪ್ಪು ಊರಿನಲ್ಲಿ ಆತುರಪಟ್ಟು ಕೊಂಡವರು ಮೂರು ವರ್ಷ ಅಲ್ಲೇ ಕಟ್ಟಿಬೀಳುವುದು ಹೀಗೆ.

ದೊಡ್ಡ ಮನೆಯಿಂದ ಚಿಕ್ಕದಕ್ಕೆ ಹೋಗುವವರು ಮರೆಯುವ ಲೆಕ್ಕ ಇನ್ನೊಂದಿದೆ. ಮಾರಾಟದ ಲಾಭ 70 ಲಕ್ಷ, ಹೊಸ ಮನೆಗೆ ಖರ್ಚು 50 ಲಕ್ಷ ಎಂದುಕೊಳ್ಳಿ. ಉಳಿದ 20 ಲಕ್ಷಕ್ಕೆ ಶೇಕಡ 12.5ರಂತೆ 2.5 ಲಕ್ಷ, ಅದರ ಮೇಲೆ ಶೇಕಡ 4 ಸೆಸ್ ಸೇರಿ 2.6 ಲಕ್ಷ ಕಟ್ಟಬೇಕು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಬೆಲೆ ಏರಿಕೆಯ ಸೂಚ್ಯಂಕ ಹಾಕಿ ಶೇಕಡ 20ರ ಲೆಕ್ಕದಲ್ಲೂ ನೋಡಿ, ಕಡಿಮೆ ಬರುವುದನ್ನು ಹಿಡಿಯಬಹುದು. ಉಳಿಕೆ ಲಾಭವನ್ನು ಆರು ತಿಂಗಳೊಳಗೆ ಐದು ವರ್ಷದ ಬಂಡವಾಳ ಲಾಭ ಬಾಂಡಿಗೆ ಹಾಕುವ ದಾರಿಯೂ ಉಂಟು, ಮಿತಿ 50 ಲಕ್ಷ. ರಿಟರ್ನ್ ಸಲ್ಲಿಸುವ ದಿನದೊಳಗೆ ಮನೆ ಸಿಗದಿದ್ದರೆ ಲಾಭದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಅದನ್ನು ಉಳಿತಾಯ ಖಾತೆಯಲ್ಲೇ ಬಿಟ್ಟು ವಿನಾಯಿತಿ ಕಳೆದುಕೊಂಡವರು ಇದ್ದಾರೆ.

ಕೊಳ್ಳುವ ಖರ್ಚನ್ನು ಬೆಲೆಯ ಜೊತೆಗೇ ಬರೆದುಕೊಳ್ಳಿ. ಪಟ್ಟಣದಲ್ಲಿ 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇಕಡ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 2. ಒಟ್ಟು 4.56 ಲಕ್ಷ. ಕ್ರಯದ ಮೊತ್ತ, ಸರ್ಕಾರಿ ಮಾರ್ಗಸೂಚಿ ದರ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇಕಡ 1 ಟಿ.ಡಿ.ಎಸ್. (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟಬೇಕು, ಮರೆತರೆ ಬಡ್ಡಿ ಬೀಳುವುದು ಕೊಂಡವರ ತಲೆಗೆ.

ಮನೆ ನೋಡುವಾಗ

ಏಪ್ರಿಲ್‌ನಲ್ಲಿ ಹೊಸದಾಗಿ ಬಣ್ಣ ಬಳಿದ ಮನೆಯನ್ನು ನಂಬಬೇಡಿ. ಗೋಡೆಯ ಬೀರುಗಳ ಬಾಗಿಲು ತೆಗೆದು ವಾಸನೆ ನೋಡಿ, ಮುಗ್ಗಲು ವಾಸನೆಗೆ ಬಣ್ಣ ಅಡ್ಡ ಬರುವುದಿಲ್ಲ. ತೇವ ಎಲ್ಲಿದೆ ಎನ್ನುವುದರಿಂದ ಕಾರಣ ತಿಳಿಯುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗಾರೆ ಉಬ್ಬಿ ಬಿಳಿ ಉಪ್ಪು ಬಂದಿದ್ದರೆ ತಳಪಾಯದಿಂದ ನೀರು ಏರುತ್ತಿದೆ. ಇದನ್ನು ಸರಿಮಾಡುವುದು ದುಬಾರಿ, ಪೂರ್ತಿ ವಾಸಿಯಾಗುವುದು ಅಪರೂಪ. ಕಿಟಕಿಯ ಸುತ್ತ ಕಲೆ ಇದ್ದರೆ ಇರಚಲು ಹೊಡೆದಿದೆ. ಇಲ್ಲಿ ಮಳೆ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಆ ಕಡೆ ಅಗಲವಾದ ಸಜ್ಜೆ ಹಾಕಿಸಿದರೆ ನಿಲ್ಲುತ್ತದೆ. ಚಾವಣಿಯ ಮೂಲೆಯ ಕಲೆಗೆ ಕಾರಣ ಕಟ್ಟಿಕೊಂಡ ನೀರಿನ ಪೈಪೋ ಬಿರುಕೋ ಇರಬಹುದು. ಮಹಡಿ ಹತ್ತಿ ನೋಡಿದರೆ ಗೊತ್ತಾಗುತ್ತದೆ.

ಮೆಟ್ಟಿಲು ಎಣಿಸಿ. ತೇವಕ್ಕೆ ಹೆದರಿ ಈ ಕಡೆ ಮನೆಗಳನ್ನು ಎರಡು ಅಡಿ ಎತ್ತರಿಸಿ ಕಟ್ಟುವುದುಂಟು. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಎರಡು ಅಡಿಗೆ 24 ಅಡಿ ಆಯಿತು. 30-40 ನಿವೇಶನದಲ್ಲಿ ಮನೆಯ ಮುಂದೆ ಅಷ್ಟು ಜಾಗ ಇರುವುದಿಲ್ಲ, ಪಕ್ಕದ ಓಣಿಯಲ್ಲಿ ತಿರುಗಿಸಿ ತರಲು ಆಗುತ್ತದೆಯೇ ಎಂದು ಟೇಪು ಹಿಡಿದು ಅಳೆಯಿರಿ. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ಮೂರೂ ನೆಲಮಹಡಿಯಲ್ಲೇ ಇರಬೇಕು. ಬಚ್ಚಲಿನ ಬಾಗಿಲು ಹೊರಗೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಗಾಲಿಕುರ್ಚಿ ಹೋಗಲು ಬಾಗಿಲು ಮೂರು ಅಡಿ ಬೇಕು, ಬಚ್ಚಲಿನದು ಎರಡೂವರೆ ಅಡಿ ಇರುವುದೇ ಹೆಚ್ಚು.

ಕರೆಂಟು ಹಾಸನದಲ್ಲಿ ಚೆಸ್ಕಾಂ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಮರ ಬಿದ್ದು ತಂತಿ ಹರಿದರೆ ಹಳ್ಳಿಗಳಲ್ಲಿ ದಿನಗಟ್ಟಲೆ ಬರದೇ ಇರಬಹುದು. 150 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ಇದ್ದರೆ ನಾಲ್ಕು ದೀಪ, ಎರಡು ಫ್ಯಾನಿಗೆ ಆರೇಳು ಗಂಟೆ ಸಾಕು, ರಾತ್ರಿಯಿಡೀ ಆಮ್ಲಜನಕ ಯಂತ್ರ ಓಡಿಸಲು ಸಾಲದು. ಕರೆಂಟು ಹೋದ ಕೆಲವು ಗಂಟೆಗೆ ಮೊಬೈಲ್ ಟವರೂ ಮಲಗುತ್ತದೆ. ಆದ್ದರಿಂದ ಸಿಗ್ನಲ್ಲನ್ನು ಕರೆಂಟಿಲ್ಲದ ಹೊತ್ತಿನಲ್ಲಿ, ಮನೆಯೊಳಗೆ ನಿಂತು ನೋಡಿ. ಸೋಲಾರ್ ಬಿಸಿನೀರು ಮಳೆಗಾಲದಲ್ಲಿ ಕಾಯುವುದಿಲ್ಲ, ಗೀಸರೋ ಹಂಡೆ ಒಲೆಯೋ ಜೊತೆಗಿರಲಿ.

ಕಾಗದ ಪತ್ರ

ಪೇಟೆಯ ಮನೆಗೆ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಇವಿಲ್ಲದೆ ನೋಂದಣಿಗೆ ಹೋಗಬೇಡಿ. ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಎರಡನ್ನೂ ಮೂಲ ಪ್ರತಿಯಲ್ಲೇ ನೋಡಿ. ಇ.ಸಿ. (ಋಣಭಾರ ಪ್ರಮಾಣಪತ್ರ) 30 ವರ್ಷದ್ದು ಇರಲಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೆ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇರೆಯಾಗಿ ಕೇಳಿ ಪಡೆಯಬೇಕು. ಮಾರುವವರು ತೋರಿಸುವ 15 ವರ್ಷದ ಇ.ಸಿ.ಯಲ್ಲಿ ಹಳೇ ಅಡಮಾನ ಕಾಣದೇ ಹೋಗುವುದುಂಟು.

ಜಮೀನಾದರೆ ಇನ್ನೂ ಹುಷಾರು. 2020ರ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಡಿ ಅದು ವಾಪಸ್ಸು ಹೋಗುತ್ತದೆ, 2023ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಪಹಣಿಯ ಜೊತೆ ಮೂಲ ಮಂಜೂರಾತಿ ಕಾಗದ, ಮುಟೇಷನ್, ಪೋಡಿ (ಜಮೀನು ವಿಭಜನೆಯ) ನಕ್ಷೆ ತರಿಸಿ ವಕೀಲರಿಗೆ ತೋರಿಸಿ. ಕಾಡಂಚಿನ ಜಾಗವಾದರೆ ಅರಣ್ಯ ಇಲಾಖೆಯ ಗಡಿ, ಡೀಮ್ಡ್ ಅರಣ್ಯದ (ಅರಣ್ಯವೆಂದೇ ಪರಿಗಣಿಸಿದ ಜಾಗಗಳ) ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದು ಲಿಖಿತವಾಗಿ ಕೇಳಿ. ಸ್ಥಳದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ತೋರಿಸಿದ ಜಾಗ ಒಂದು, ಬರೆದುಕೊಟ್ಟದ್ದು ಇನ್ನೊಂದು ಆಗುವ ಮೋಸ ಇದರಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಹೊಸ ಮನೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮಾಡಿಸಿ. ಮಕ್ಕಳ ಹೆಸರಿಗೆ ದಾನಪತ್ರ ಬರೆಯುವ ಯೋಚನೆ ಇದ್ದರೆ, ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಷರತ್ತು ಇದ್ದರೆ ಮಾತ್ರ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಗಟ್ಟಿಯಾಗಿ ನೆರವಿಗೆ ಬರುತ್ತದೆ. ದೂರು ಕೊಡುವುದು ಉಪವಿಭಾಗಾಧಿಕಾರಿಗಳಿಗೆ. ಸಲಹೆಗೆ 14567 ಹಿರಿಯರ ಸಹಾಯವಾಣಿ ಇದೆ.

ಸಾಮಾನು ಸಾಗಿಸಲು ಜನವರಿಯಿಂದ ಮೇ ಮೊದಲ ವಾರದವರೆಗೆ ಒಳ್ಳೆಯ ಕಾಲ. ಸೋಫಾ, ಪ್ಲೈವುಡ್ ವಾರ್ಡ್‌ರೋಬು, ಹಳೇ ಹಾಸಿಗೆ ಬೆಂಗಳೂರಿನಲ್ಲೇ ಬಿಡಿ, ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತವೆ. ಬಂದ ತಿಂಗಳಲ್ಲೇ ಗ್ಯಾಸ್, ಆಧಾರ್, ಮತದಾರರ ಪಟ್ಟಿ, ಪಿಂಚಣಿ ಬ್ಯಾಂಕ್ ಶಾಖೆಯ ವಿಳಾಸ ಬದಲಿಸಿ. ಆರೋಗ್ಯ ವಿಮೆ ಕಂಪನಿಯಿಂದ ಈ ಜಿಲ್ಲೆಯ ನಗದುರಹಿತ ಆಸ್ಪತ್ರೆಗಳ ಪಟ್ಟಿ ತರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅದರ ಪಕ್ಕದಲ್ಲೇ ರಾತ್ರಿ ಕರೆದರೂ ಬರುವ ಇಬ್ಬರು ಆಟೋದವರ ನಂಬರು, ನೀವು ದಿನವೂ ತಗೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣವನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಕಿ.